ಮೀಟರಿಗೆ ಯಾವ ಬಣ್ಣ ಎಂದು ಕೇಳಿ ಕಳಿಸಿದರು

ಮಳೆಗಾಲದಲ್ಲಿ ಮೀನುಗಾರಿಕೆ ನಿಷೇಧದ ವಾರಗಳು ಬಂದರೆ ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟುಗಳು ಒಂದರ ಮಗ್ಗುಲಿಗೊಂದು ಹಗ್ಗ ಬಿಗಿದುಕೊಂಡು ನಿಲ್ಲುತ್ತವೆ. ಅಷ್ಟು ದಿನ ನೀರಿನ ಮೇಲಿದ್ದ ಗಂಡಸರೆಲ್ಲ ಒಮ್ಮೆಲೇ ದಡಕ್ಕೆ ಬರುತ್ತಾರೆ. ಮನೆಯಲ್ಲಿ ಅವರಿಗೆ ಹೆಚ್ಚು ಕೆಲಸ ಇರುವುದಿಲ್ಲ. ಹರಿದ ಬಲೆ ಸರಿಮಾಡುವುದು, ಸೋರುವ ಕಡೆ ಹಂಚು ಹೊಂದಿಸುವುದು ಬೇಗ ಮುಗಿದುಹೋಗುತ್ತದೆ. ಆಮೇಲೆ ನಮ್ಮ ಕಡೆ ಎರಡು ಸಂಗತಿಗಳು ಜೋರಾಗಿ ನಡೆಯುತ್ತವೆ. ಹುಡುಗರು ಬೈಕು ರಿಪೇರಿ ಮಾಡಿಸುತ್ತಾರೆ, ಹಿರಿಯರು ಅವರಿಗೆ ಹೆಣ್ಣು ನೋಡುತ್ತಾರೆ. ಆಗಸ್ಟಿನಲ್ಲಿ ಬೋಟು ಕಡಲಿಗೆ ಇಳಿದ ಮೇಲೆ ನಾಲ್ಕು ಗಂಡಸರನ್ನು ಒಂದು ಜಗಲಿಯಲ್ಲಿ ಕೂರಿಸಿ ಮಾತಾಡುವುದು ಕಷ್ಟ. ಹಾಗಾಗಿ ವೀಳ್ಯ ಹಂಚುವುದೊಂದಾದರೂ ಅಷ್ಟರೊಳಗೆ ಆಗಿಬಿಡಲಿ ಎಂಬ ಅವಸರ ಎಲ್ಲ ಮನೆಗಳಲ್ಲೂ ಇರುತ್ತದೆ. ವೀಳ್ಯ ಹಂಚಿದರೆ ಸಂಬಂಧ ಗಟ್ಟಿಯಾಯಿತು. ಮದುವೆ ಬೇಸಿಗೆಯಲ್ಲಿ ನಡೆದರೂ ಸರಿ, ಅದರ ನಂತರ ಯಾರೂ ಹಿಂದೆ ಸರಿಯುವುದಿಲ್ಲ.

ನನ್ನ ವಿಷಯದಲ್ಲಿ ಬೈಕಿನ ಕೆಲಸವೂ ಹೆಣ್ಣು ನೋಡುವ ಕೆಲಸವೂ ಒಂದರೊಳಗೊಂದು ಸೇರಿಕೊಂಡವು.

ಎರಡು ಸಾವಿರದ ದಶಕ ಮುಗಿಯುತ್ತ ಬಂದಿತ್ತು. ನಾನು ಧಾರವಾಡದಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿ ಅಂಕೋಲೆಯ ಮನೆಗೆ ಮರಳಿದ್ದೆ. ಕಾರವಾರದ ಒಂದು ಕಾಲೇಜಿನಲ್ಲಿ ತಾತ್ಕಾಲಿಕ ಉಪನ್ಯಾಸಕಿಯ ಕೆಲಸ ಸಿಕ್ಕಿತ್ತು. ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಅಪ್ಪ ಮೊದಲು ಬೋಟಿನಲ್ಲಿದ್ದವರು. ಬೆನ್ನು ಕೈಕೊಟ್ಟ ಮೇಲೆ ಬೋಟು ಬಿಟ್ಟು, ಟೆಂಪೋದಲ್ಲಿ ಮೀನು ಹೇರಿಕೊಂಡು ಯಲ್ಲಾಪುರದ ರಸ್ತೆಯಲ್ಲಿ ಸುಂಕಸಾಳದ ತನಕ ಮಾರುತ್ತ ಹೋಗುತ್ತಿದ್ದರು. ನಿಷೇಧದ ದಿನಗಳಲ್ಲಿ ಆ ಟೆಂಪೋದಲ್ಲಿ ಒಣಮೀನು ಹೋಗುತ್ತಿತ್ತು. ಮನೆಯಲ್ಲಿ ನಾವು ಆಯಿ ಎಂದು ಕರೆಯುವ ಅಮ್ಮ, ಅಪ್ಪನ ಅಕ್ಕನಾದ ಅತ್ತೆ, ಮತ್ತು ನಾನು. ಅತ್ತೆಗೆ ಮಕ್ಕಳಿಲ್ಲ. ಗಂಡ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದರು. ಮನೆಯ ದೊಡ್ಡ ಮಾತುಗಳನ್ನೆಲ್ಲ ಅವರೇ ಆಡುತ್ತಿದ್ದರು.

ಹುಡುಗ ಹಾರವಾಡದವನು. ಬೈತಖೋಲದ ಒಂದು ಟ್ರಾಲರಿನಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದ. ಅವನ ಅಕ್ಕನನ್ನು ನಮ್ಮ ಮನೆಯ ಹಿಂದಿನ ಓಣಿಗೇ ಕೊಟ್ಟಿದ್ದರು. ಈ ಸಂಬಂಧ ಹುಟ್ಟಿದ್ದೂ ಅವಳ ಬಾಯಿಂದಲೇ. ಜೂನ್ ಕೊನೆಗೆ ಅವನು ತಂದೆತಾಯಿಯ ಜೊತೆ ಬಂದು ನನ್ನನ್ನು ನೋಡಿಹೋಗಿದ್ದ. ನೋಡಿದ ಎನ್ನುವುದು ಮಾತಿಗೆ. ಅವನು ಇಡೀ ಹೊತ್ತು ಚಾ ಬಟ್ಟಲನ್ನೇ ನೋಡುತ್ತಿದ್ದ. ನಾನು ಬಾಗಿಲ ಚೌಕಟ್ಟನ್ನು ನೋಡುತ್ತಿದ್ದೆ.

ಕೆಲವು ದಿನಗಳ ನಂತರ ಒಂದು ಸಂಜೆ ಆ ಅಕ್ಕ ಛತ್ರಿಯನ್ನು ಮೆಟ್ಟಿಲ ಬಳಿ ಬಿಡಿಸಿಟ್ಟು ಜಗಲಿ ಹತ್ತಿದಳು.

"ತಮ್ಮ ಒಂದ್ ಮಾತು ಕೇಳ್ಕಂಡು ಬಾ ಅಂದಾನೆ," ಎಂದು ಆಯಿಗೆ ಹೇಳಿ ನನ್ನ ಕಡೆ ನೋಡಿದಳು. "ಬೈಕಿನ ಮೀಟರು ಉಪ್ಪುಗಾಳಿಗೆ ತುಕ್ಕು ಹಿಡ್ದು ಕೆಟ್ಟೇ ಹೋಯ್ತು. ಮಡಗಾಂವಿಂದ ಹೊಸ ನಮೂನಿದು ತರ್ಸಾನೆ. ಅದಕ್ಕೆ ಮುಳ್ಳೇ ಇಲ್ವಂತೆ, ಬರೀ ಅಂಕಿ. ಅಂಕಿ ಹಿಂದಿನ ಬೆಳಕು ಯಾವ ಬಣ್ಣದ್ದು ಬೇಕಾರೂ ಇಡೂಕೆ ಬತ್ತದಂತೆ. ಹುಡುಗಿಗೆ ಯಾವ ಬಣ್ಣ ಚಂದ ಕಾಣ್ತದೆ ಕೇಳು ಅಂದ."

"ಗಾಡಿ ಅವಂದು, ಕಣ್ಣೂ ಅವಂದು," ಎಂದರು ಅತ್ತೆ. "ಹಿಂದೆ ಕೂತವಳಿಗೆ ಬೆನ್ನು ಕಾಣೂದಾ, ಮೀಟರ್ ಕಾಣೂದಾ?"

"ಹೆಗಲ ಮೇಲೆ ಬಗ್ಗಿ ನೋಡ್ಲಿ ಅಂತ ಇರ್ಬೇಕು," ಎಂದಳು ಅಕ್ಕ.

ಇಬ್ಬರೂ ನಕ್ಕರು. ಆಯಿಯೂ ಸೆರಗನ್ನು ಬಾಯಿಗೆ ಇಟ್ಟುಕೊಂಡು ನಕ್ಕಳು. ನಾನು ಮರುದಿನದ ಪಾಠದ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಪುಟ ತಿರುಗಿಸಲೂ ಆಗಲಿಲ್ಲ.

ಹುಡುಗ ನಿನಗೆ ಒಪ್ಪಿಗೆಯೇ ಎಂದು ಅಲ್ಲಿಯ ತನಕ ನನ್ನನ್ನು ಯಾರೂ ಕೇಳಿರಲಿಲ್ಲ. ಅದರಲ್ಲಿ ಯಾರ ಕೆಟ್ಟತನವೂ ಇರಲಿಲ್ಲ. ಅವನಲ್ಲಿ ಬೇಡ ಎನ್ನುವಂಥದ್ದು ಏನೂ ಇಲ್ಲದ್ದರಿಂದ ಕೇಳುವುದು ಬಿಟ್ಟುಹೋಗಿತ್ತು. ಆದರೆ ನನಗೆ ಆ ಮದುವೆ ಬೇಡವಾಗಿತ್ತು. ಮನಸ್ಸಿನಲ್ಲಿ ಬೇರೆ ಯಾರೂ ಇರಲಿಲ್ಲ. ಮುಂದೆ ಓದುವ, ದೂರ ಹೋಗುವ ಯೋಜನೆಯೂ ಇರಲಿಲ್ಲ. ಸುಮ್ಮನೆ ಬೇಡವಾಗಿತ್ತು, ಹೊಟ್ಟೆ ತುಂಬಿದವರ ಎಲೆಗೆ ಮತ್ತೆ ಬಡಿಸಲು ಬಂದಾಗ ಕೈ ಅಡ್ಡ ಬರುವ ಹಾಗೆ. ಅದನ್ನು ಹೇಳುವ ಜಾಗ ಎಲ್ಲಿದೆ ಎಂದು ಹುಡುಕುತ್ತಿದ್ದಾಗ ಈ ಪ್ರಶ್ನೆ ಬಂತು. ಯಾವ ಬಣ್ಣ ಹೇಳಿದರೂ ಅದರ ಜೊತೆಗೆ ನನ್ನ ಒಪ್ಪಿಗೆಯೂ ಹಾರವಾಡಕ್ಕೆ ಹೋಗುತ್ತಿತ್ತು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಬಣ್ಣಗಳನ್ನು ಒಂದೊಂದಾಗಿ ಹೊರಗೆ ಹಾಕತೊಡಗಿದ್ದರು.

"ಬಿಳಿ ಬ್ಯಾಡ. ಮದ್ವೆ ಮಾತಲ್ಲಿ ಬಿಳಿ ಯಾರು ತೆಗಿತಾರೆ? ನೀಲಿನೂ ಬ್ಯಾಡ, ರಾತ್ರಿ ಬಸ್ಸಲ್ಲಿ ಮಲಗ್ಸೂಕೆ ಹಚ್ತಾರೆ ಅದನ್ನ. ಅವ ಗಾಡಿ ಮೇಲೇ ತೂಕಡಸ್ತಾ."

"ಕೆಂಪು?" ಎಂದಳು ಅಕ್ಕ.

ಒಳಗಿನಿಂದ ಅಪ್ಪ ಹೇಳಿದರು: "ಬಂದರಲ್ಲಿ ಕೆಂಪು ಬಾವುಟ ಏರ್ಸಿದ್ರೆ ಬೋಟು ಹೊರಡೂದಿಲ್ಲ. ಗಾಡಿಗೆ ಯಾಕೆ ಅದು?" ಬೆನ್ನಿಗೆ ಎಣ್ಣೆ ಹಚ್ಚಿಸಿಕೊಂಡು ಮಲಗಿದ್ದ ಅಪ್ಪನೂ ಇದನ್ನು ಕೇಳಿಸಿಕೊಳ್ಳುತ್ತಿದ್ದಾರೆ ಎಂಬುದು ನನಗೆ ಆಗಲೇ ಗೊತ್ತಾದದ್ದು.

"ಹಳದಿ ಅಂದ್ರೆ ಕಾಮಾಲೆ ಹಿಡ್ದ ಹಾಂಗೆ," ಎಂದು ಅತ್ತೆ ಮುಂದುವರಿಸಿದರು. "ಹಸಿರೇ ಸಮ. ಮದುಮಗಳಿಗೆ ಕೈ ತುಂಬ ಹಸಿರು ಬಳೆ ಹಾಕೂದಿಲ್ವಾ? ಬಳೆಗೂ ಮೀಟರಿಗೂ ಜೋಡಿ ಆತದೆ."

"ಹಾಂಗಾರೆ ಹಸಿರು ಅಂತ ಹೇಳ್ಲಾ ತಂಗಿ?"

ಏನಾದರೂ ಹೇಳಲೇಬೇಕಿತ್ತು. "ಹಳೇ ಮೀಟರೇ ಸಾಕು ಅಂತ ಹೇಳಿ," ಎಂದೆ. "ಅದನ್ನೇ ರಿಪೇರಿ ಮಾಡಿಸಿದರೆ ಆಗುತ್ತದೆ. ನನಗೋಸ್ಕರ ಏನೂ ಬದಲಾಯಿಸುವುದು ಬೇಡ."

ಅದಕ್ಕಿಂತ ಸ್ಪಷ್ಟವಾಗಿ ಆ ಜಗಲಿಯಲ್ಲಿ ಹೇಳುವುದು ಸಾಧ್ಯವಿಲ್ಲ ಎಂದು ನಾನು ತಿಳಿದಿದ್ದೆ. ನನ್ನ ದನಿಯೂ ಸ್ವಲ್ಪ ಗಡುಸಾಗಿಯೇ ಇತ್ತು. ಅಕ್ಕ ಒಂದು ಕ್ಷಣ ನನ್ನ ಮುಖ ನೋಡಿದಳು. ಬೇಸರವಾಯಿತೇನೋ ಎಂದುಕೊಂಡೆ. ಛತ್ರಿ ತೆಗೆದುಕೊಂಡು ಬೇಗ ಹೊರಟುಹೋದಳು.

ಆ ವಾರ ಮುಗಿಯುವುದರೊಳಗೆ ಮತ್ತೆ ಬಂದಳು. ಕೈಯಲ್ಲಿ ಅವಳ ತಾಯಿ ಕೊಟ್ಟ ಸಿಗಡಿ ಉಪ್ಪಿನಕಾಯಿಯ ಭರಣಿ ಇತ್ತು.

"ನಮ್ಮಾಯಿ ಊರೆಲ್ಲ ಹೇಳ್ಕಂಡು ತಿರಗ್ತಾ ಅವಳೆ," ಎಂದಳು. "ಓದಿದ್ ಹುಡುಗಿ, ಸಂಬಳ ತಗಳೂ ಹುಡುಗಿ, ಇದ್ದದ್ರಲ್ಲೇ ಸಾಕು ಅಂತು. ಈಗಿನ ಕಾಲದಲ್ಲಿ ಇಂಥವ್ರು ಎಲ್ಲಿ ಸಿಕ್ತಾರೆ ಅಂತ. ಆದ್ರೂ ತಮ್ಮ ಕೇಳೂದಿಲ್ಲ ಮಾರಾಯ್ತಿ. ಮೀಟರು ಬಂದೇ ಹೋಯ್ತು, ಬಣ್ಣ ಹೇಳ್ಲೇಬೇಕು ಅಂತಾನೆ."

ಅತ್ತೆ ಭರಣಿಯ ಬಟ್ಟೆ ಬಿಚ್ಚಿ ಮೂಸಿ ನೋಡಿ, ಉಪ್ಪು ಮುಂದಾಗಿದೆ ಎಂದರು. ಆದರೆ ಅವರ ಮುಖ ಅರಳಿತ್ತು.

ಇನ್ನು ಆಯಿಯ ಹತ್ತಿರ ನೇರವಾಗಿ ಹೇಳುವುದೇ ದಾರಿ ಎಂದು ತೀರ್ಮಾನಿಸಿದೆ. ಮಳೆ ಸ್ವಲ್ಪ ಬಿಟ್ಟ ಒಂದು ಮಧ್ಯಾಹ್ನ ಅವಳು ಹಿಂದಿನ ಜಗಲಿಯಲ್ಲಿ ಒಣಮೀನು ಹರಡಿಕೊಂಡು ಮುಗ್ಗಿದ್ದನ್ನು ಬೇರೆ ಮಾಡುತ್ತಿದ್ದಳು. ನಾನೂ ಕೂತು ಆರಿಸತೊಡಗಿದೆ.

"ಆಯಿ, ನನಗೆ ಈ ಸಂಬಂಧ ಬೇಡ."

ಅವಳು ಕೈ ನಿಲ್ಲಿಸಲಿಲ್ಲ. "ಯಾಕೆ?"

"ಬೇಡ ಅನ್ನಿಸುತ್ತದೆ."

"ಅದೇ, ಯಾಕೆ ಅಂತ ಕೇಳ್ದೆ. ಕುಡಿತಾ ಅಂತ ಯಾರಾದ್ರೂ ಹೇಳಿದ್ರಾ?"

"ಇಲ್ಲ."

"ಮನೇಲಿ ಜಗಳ ಗಿಗಳ?"

"ಹಾಗೇನೂ ಕೇಳಿಲ್ಲ."

"ನಿಂಗೆ ಬೇರೆ ಯಾರಾದ್ರೂ ಮನಸ್ಸಲ್ಲಿ ಇದ್ರಾ? ಇದ್ರೆ ಹೇಳು, ನಾ ಬೈಯೂದಿಲ್ಲ."

"ಯಾರೂ ಇಲ್ಲ ಆಯಿ."

ಅವಳು ಈಗ ನನ್ನ ಕಡೆ ತಿರುಗಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. "ನಂಗೆ ಒಂದು ಕಾರಣ ಕೊಡು. ಸಣ್ಣದಾದ್ರೂ ಅಡ್ಡಿಲ್ಲ. ನಾನೇ ಹೋಗಿ ಹೇಳಿ ಬತ್ತೆ, ಅಪ್ಪಂಗೂ ಅತ್ತೆಗೂ ನಾನೇ ಹೇಳ್ತೆ. ಕಾರಣ ಇಲ್ದೆ ಹೋಗಿ ಎಂತ ಹೇಳ್ಲಿ?"

ಅವಳು ನಿಜವಾಗಿಯೂ ಹೋಗುತ್ತಿದ್ದಳು. ಅದಕ್ಕೇ ಮಾತು ಇನ್ನೂ ಕಷ್ಟವಾಯಿತು. ಗದರಿಸಿದ್ದರೆ ನಾನೂ ಹಟ ಹಿಡಿಯುತ್ತಿದ್ದೆನೋ ಏನೋ. ಅವಳು ಕಾಯುತ್ತಿದ್ದಳು, ಮತ್ತು ನನ್ನ ಬಳಿ ಕೊಡಲು ಏನೂ ಇರಲಿಲ್ಲ. ನನಗೆ ಅನ್ನಿಸುತ್ತಿದ್ದುದು ನಿಜ. ಆದರೆ ಅದನ್ನು ಇನ್ನೊಬ್ಬರ ಮನೆಯ ಜಗಲಿಗೆ ಒಯ್ದು ಇಡುವ ಹಾಗೆ ಇರಲಿಲ್ಲ.

ಒಳಗೆ ಮಂಚ ಕಿರ್ರೆಂದಿತು. ಅಪ್ಪ ಮಲಗಿದ್ದಲ್ಲಿಂದಲೇ ಮಾತಾಡಿದರು.

"ಅವಳಿಗೆ ಯಾಕೆ ಹಿಂಸೆ ಕೊಡ್ತೆ? ಬೋಟಿನವ ಅಂತ ಇರ್ಬೇಕು. ಅಷ್ಟು ಓದಿದವಳು. ಬಾಯಿಬಿಟ್ಟು ಹ್ಯಾಂಗೆ ಹೇಳ್ತಾಳೆ, ಅಪ್ಪನೂ ಬೋಟಿನವನೇ ಅಲ್ದಾ."

ಅದರಲ್ಲಿ ಕೊಂಕು ಇರಲಿಲ್ಲ. ನನಗೆ ಸಹಾಯ ಮಾಡುತ್ತಿದ್ದೇನೆ ಎಂದೇ ಅವರು ತಿಳಿದಿದ್ದರು. ನಾನು ಒಳಗೆ ಹೋಗಿ ಬಾಗಿಲಲ್ಲಿ ನಿಂತೆ. ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು.

"ಅದಲ್ಲ ಅಪ್ಪ," ಎಂದೆ.

"ಅಡ್ಡಿಲ್ಲ ಮಗಾ."

"ಅದಲ್ಲವೇ ಅಲ್ಲ."

"ಆಯ್ತು," ಎಂದರು. ನಂಬಲಿಲ್ಲ ಎಂಬುದು ಬೆನ್ನಿನಿಂದಲೇ ಗೊತ್ತಾಗುತ್ತಿತ್ತು. ಆ ಒಂದು ಕಾರಣವನ್ನು ಅವರು ನನಗಾಗಿ ಹುಡುಕಿ ಕೊಟ್ಟಿದ್ದರು, ಅದನ್ನು ಹಿಡಿದುಕೊಂಡಿದ್ದರೆ ನಾನು ಪಾರಾಗುತ್ತಿದ್ದೆ. ನಮ್ಮ ಓಣಿಯಲ್ಲಿ ಎಲ್ಲರೂ ಅದನ್ನು ಒಪ್ಪುತ್ತಿದ್ದರು, ಹಿಂದಿನಿಂದ ನಾಲ್ಕು ಮಾತು ಆಡಿದರೂ ಒಪ್ಪುತ್ತಿದ್ದರು. ನಾನು ಮತ್ತೆ ಹಿಂದಿನ ಜಗಲಿಗೆ ಬಂದು ಮುಗ್ಗಿದ ಮೀನು ಆರಿಸಿದೆ. ಸಂಬಂಧ ಬೇಡ ಎಂಬ ಮಾತು ಅಲ್ಲಿಗೇ ನಿಂತುಹೋಯಿತು.

ಮುಂದಿನ ಶನಿವಾರ ಮೀಟರು ಕೂರಿಸುವ ಕಾರವಾರದ ರಿಪೇರಿ ಅಂಗಡಿಗೆ ನಾನು ಬರಬೇಕು ಎಂದು ಅತ್ತೆ ಮತ್ತು ಅವನ ಅಕ್ಕ ಸೇರಿ ಗೊತ್ತು ಮಾಡಿದರು. ಶನಿವಾರ ನನಗೆ ಅರ್ಧ ದಿನ ಪಾಠ. ಹೇಗೂ ಅಲ್ಲೇ ಇರುತ್ತೀ, ಕಣ್ಣಾರೆ ನೋಡಿ ಹೇಳಿದರೆ ಮುಗಿಯಿತು ಎಂದರು. ನಾನು ಆಗುವುದಿಲ್ಲ ಎಂದರೆ ಅದಕ್ಕೂ ಕಾರಣ ಕೊಡಬೇಕಿತ್ತು.

ಅಂಗಡಿ ಬಸ್‌ಸ್ಟ್ಯಾಂಡಿನಿಂದ ದೂರವಿರಲಿಲ್ಲ. ಮುಂದೆ ತಗಡಿನ ಮಾಡು, ಅದರ ಅಡಿಗೆ ಸಾಲಾಗಿ ಬೈಕುಗಳು. ಎಲ್ಲವೂ ಬಂದರಿನ ಹುಡುಗರವೇ ಇರಬೇಕು, ಎಲ್ಲಕ್ಕೂ ಚಕ್ರದ ಕಡ್ಡಿಗಳಲ್ಲಿ ತುಕ್ಕು. ಅವನು ನೀಲಿ ರೇನ್‌ಕೋಟಿನಲ್ಲಿ ನಿಂತಿದ್ದ. ನನ್ನನ್ನು ನೋಡಿ ತಲೆ ಅಲ್ಲಾಡಿಸಿದ. ಅತ್ತೆ ಮತ್ತು ಅಕ್ಕ ಆಗಲೇ ಬಂದು ಒಂದೊಂದು ಸ್ಟೂಲು ಹಿಡಿದಿದ್ದರು. ಹಳೆಯ ಮೀಟರನ್ನು ಕಳಚಿ ತೆಗೆದಾಗಿತ್ತು. ಹ್ಯಾಂಡಲ್ಲಿನ ನಡುವೆ ವೈರುಗಳು ಜೋತುಬಿದ್ದಿದ್ದವು.

ಮೆಕ್ಯಾನಿಕ್ ನಡುವಯಸ್ಸಿನವನು, ಮಾತಿನ ಮಲ್ಲ. ಹೊಸ ಮೀಟರನ್ನು ಅಂಗೈಯಲ್ಲಿಟ್ಟುಕೊಂಡು ಎರಡು ವೈರುಗಳನ್ನು ಬ್ಯಾಟರಿಗೆ ಸಿಕ್ಕಿಸಿದ. "ಮೇಡಂ, ನೀವು ಹತ್ರ ಬನ್ನಿ. ನೋಡೂದು ನೀವು, ಓಡ್ಸೂದು ಇವ, ದುಡ್ಡು ನಂಗೆ. ಏಳು ಬಣ್ಣ ಅದೆ."

ಒಂದು ಗುಂಡಿ ಒತ್ತಿದ. ಗಾಜಿನ ಮೇಲಿನ ಅಂಕಿಗಳೆಲ್ಲ ಒಮ್ಮೆ ಎಂಟಾಗಿ ಹೊಳೆದು ಸೊನ್ನೆಗೆ ಬಂದು ನಿಂತವು. ಮೊದಲು ಬಿಳಿ ಬಂತು. ಮೋಡದ ಮಧ್ಯಾಹ್ನದಲ್ಲಿ ಅದು ಅಷ್ಟೇನೂ ಕಾಣಲಿಲ್ಲ. ಆಮೇಲೆ ನೀಲಿ, ಎಣ್ಣೆ ಹತ್ತಿದ ಮೆಕ್ಯಾನಿಕ್‌ನ ಬೆರಳುಗಳ ಮೇಲೆಲ್ಲ ಹರಡಿತು. ಕೆಂಪಿನಲ್ಲಿ ಅಂಕಿಗಳ ಅಂಚು ಚೂಪಾಗಿ ಕಂಡಿತು. ಹಸಿರು ಬಂದಾಗ ಅತ್ತೆ ಸ್ಟೂಲಿನಿಂದ ಎದ್ದು ನಿಂತರು.

"ಇದೇ. ಇನ್ನೆಂತ ನೋಡೂದು?"

"ಅವಳು ಹೇಳ್ಲಿ ನೀವು ಸುಮ್ನಿರಿ," ಎಂದಳು ಅಕ್ಕ.

ಎಲ್ಲರೂ ನನ್ನ ಕಡೆ ನೋಡಿದರು. ನಾನು ಮೀಟರನ್ನು ನೋಡಿದೆ. ತರಗತಿಯಲ್ಲಿ ಉತ್ತರ ಗೊತ್ತಿಲ್ಲದ ಹುಡುಗಿಯರು ಕಪ್ಪುಹಲಗೆಯನ್ನು ಹೀಗೇ ನೋಡುತ್ತಾರೆ.

"ನಾವಿದ್ರೆ ಅವಳು ಬಾಯಿ ಬಿಡೂದಿಲ್ಲ," ಎಂದು ಅಕ್ಕ ಅತ್ತೆಯ ಕೈ ಹಿಡಿದಳು. "ಬನ್ನಿ, ಚಾ ಕುಡ್ಕಂಡು ಬರುವ. ಬನ್ಸ್ ಬಿಸಿ ಇರ್ತದೆ ಈಗ." ಅತ್ತೆ ಹಿಂತಿರುಗಿ ನೋಡುತ್ತಲೇ ರಸ್ತೆ ದಾಟಿದರು. ಮೆಕ್ಯಾನಿಕ್ ಮೀಟರನ್ನು ಸೀಟಿನ ಮೇಲೆ ಇಟ್ಟು, ಜೋಡಿಸುವ ಸಾಮಾನು ಹುಡುಕಲು ಒಳಗೆ ಹೋದ.

ನಾನು ತಡಮಾಡಲಿಲ್ಲ. ತಡಮಾಡಿದರೆ ಹೇಳಲಾರೆ ಎಂದು ಗೊತ್ತಿತ್ತು.

"ನನಗೆ ಈ ಮದುವೆ ಬೇಡ," ಎಂದೆ. "ಬಣ್ಣ ಹೇಳಿದರೆ ಒಪ್ಪಿದ ಹಾಗಾಗುತ್ತದೆ. ಅದಕ್ಕೇ ಹೇಳಲಿಲ್ಲ."

ಅವನು ರೇನ್‌ಕೋಟಿನ ತೋಳಿನಿಂದ ಸೀಟಿನ ಮೇಲಿನ ನೀರು ಒರೆಸಿದ. ಒಣಗಿದ್ದ ಜಾಗವನ್ನೂ ಒರೆಸಿದ.

"ನಂಗೆ ಅನ್ನಿಸ್ತು," ಎಂದ. "ಹಳೇ ಮೀಟರ್ ಸಾಕು ಅಂದ್ರಲ್ಲ, ಆಗ್ಲೇ. ಮನೇಲಿ ಎಲ್ರೂ ಖುಷಿಪಟ್ರು. ನಂಗೆ ಮಾತ್ರ ಇದು ಬೇರೆ ಎಂತದೋ ಮಾತು ಅಂತ ಅನ್ನಿಸ್ತು."

"ಮತ್ತೆ ಯಾಕೆ ಪುನಃ ಕೇಳಿ ಕಳಿಸಿದಿರಿ?"

"ಬೇರೆ ಎಂತ ಕೇಳೂಕೆ ಬತ್ತದೆ? ಹುಡುಗಿ ಒಪ್ಪಿತಾ ಕೇಳ್ಕಂಡು ಬಾ ಅಂದ್ರೆ ಅಕ್ಕ ವರ್ಷಗಟ್ಲೆ ನಗಾಡ್ತಾಳೆ." ಸೀಟು ಒರೆಸುವುದನ್ನು ಬಿಟ್ಟು ಕೇಳಿದ: "ಬೋಟಿನವ ಅಂತಲಾ?"

"ಅಲ್ಲ."

ಅವನು ನನ್ನ ಮುಖ ನೋಡಿದ. ಅಪ್ಪ ನಂಬದ ಮಾತನ್ನು ಅವನು ನಂಬಿದ. ಅದು ನನಗೆ ಕಂಡಿತು.

"ಹಾಂಗಾರೆ?"

"ಗೊತ್ತಿಲ್ಲ. ನಿಮ್ಮಲ್ಲಿ ಏನೂ ತಪ್ಪಿಲ್ಲ."

"ಇದ್ದಿದ್ರೆ ಸಸಾರ ಇತ್ತು," ಎಂದು ಅವನು ಸಣ್ಣಗೆ ನಕ್ಕ. ನನಗೂ ನಗು ಬರುವುದರಲ್ಲಿತ್ತು, ತಡೆದುಕೊಂಡೆ.

"ನೀವೇ ಬೇಡ ಎಂದು ಹೇಳಬಹುದಲ್ಲ," ಎಂದೆ. ಈ ಮಾತನ್ನು ಬಸ್ಸಿನಲ್ಲಿ ಎಷ್ಟೋ ಸಲ ಮನಸ್ಸಿನಲ್ಲೇ ಆಡಿಕೊಂಡಿದ್ದೆ.

"ಹೇಳ್ಬಹುದು. ನಾ ಬೇಡ ಅಂದ್ರೆ ಹುಡುಗಿಯಲ್ಲಿ ಎಂತದೋ ಕಂಡಿರ್ಬೇಕು ಅಂತ ಮಾತು ಏಳ್ತದೆ."

"ನನಗೆ ಅಡ್ಡಿಯಿಲ್ಲ."

"ನಿಮ್ಮಪ್ಪ ಮೀನು ಹೇರೂಕೆ ಟೆಂಪೋ ತಕಂಡು ನಮ್ಮೂರ ದಾರಿಗೇ ಬಂದರಿಗೆ ಬತ್ತಾರೆ. ಮೀನು ತೂಗೂ ಹೊತ್ತಿಗೆ ಯಾರಾದ್ರೂ ಕೇಳ್ತಾರೆ, ಮಗಳದ್ದು ಎಂತಕ್ಕೆ ತಪ್ಪಿಹೋಯ್ತು ಅಂತ. ನೀವು ಬೇಡ ಅಂದ್ರೂ ಅಷ್ಟೇ. ಓದಿದ್ ಹುಡುಗಿ ಬೋಟಿನವನ ಒಪ್ಲಿಲ್ಲ ಅಂತಾರೆ. ಅದೂ ಅವ್ರಿಗೇ ತಾಗ್ತದೆ."

ನಾನು ಗೋಡೆಯ ಕಡೆ ತಿರುಗಿದ್ದ ಅಪ್ಪನ ಬೆನ್ನನ್ನು ನೆನೆದೆ. ಅವನು ಮೀಟರನ್ನು ಕೈಗೆತ್ತಿಕೊಂಡು ಸುಮ್ಮನೆ ಗುಂಡಿ ಒತ್ತುತ್ತ ಹೋದ. ಕೊನೆಗೆ ನೇರಳೆ ಬಂತು. ಮತ್ತೆ ಒತ್ತಿದ, ಬಿಳಿಗೆ ಮರಳಿತು.

"ಮುಂದಿನ ವರ್ಷ ನೋಡುವ ಅಂತ ಹೇಳ್ತೆ," ಎಂದ. "ನಿಮ್ಮ ಹೆಸ್ರು ತೆಗೂದಿಲ್ಲ. ಅಷ್ಟ್ರೊಳಗೆ ಎಂತಾದ್ರೂ ಆಗ್ಬಹುದು. ಇದಕ್ಕಿಂತ ಹೆಚ್ಚು ನಂಗೂ ಬರೂದಿಲ್ಲ."

ಮೆಕ್ಯಾನಿಕ್ ಹೊರಗೆ ಬಂದ. "ಆಯ್ತಾ? ಯಾವುದು ಇಡೂದು? ಬ್ಯಾಟರಿ ಇಳಿತದೆ ರೇ."

ಅವನು ನನ್ನ ಕಡೆ ನೋಡಲಿಲ್ಲ. ನೋಡದಿರುವುದಕ್ಕೆಂದೇ ಹ್ಯಾಂಡಲ್ಲನ್ನು ನೋಡುತ್ತಿದ್ದ. "ಯಾವುದೂ ಇಡ್ದೇ ಇರೂಕೆ ಬತ್ತದಾ?" ಎಂದು ಕೇಳಿದ.

"ಒಂದಾದ್ರೂ ಬೇಕಲ್ಲ. ಒತ್ತಿ ಹಿಡ್ಕಂಡ್ರೆ ತನ್ನಷ್ಟಕ್ಕೇ ಒಂದಾದ್ ಮೇಲೆ ಒಂದು ಬದಲಾಗ್ತಾ ಹೋಗ್ತದೆ. ಅದನ್ನ ಯಾರೂ ಇಡ್ಸೂದಿಲ್ಲ, ಕಣ್ಣಿಗೆ ತ್ರಾಸು."

"ಅದ್ರಲ್ಲೇ ಇಡು."

ಹೆಂಗಸರು ಮರಳಿದಾಗ ಮೀಟರು ಅದರ ಜಾಗದಲ್ಲಿ ಕೂತು ಒಂದರ ನಂತರ ಒಂದು ಬಣ್ಣ ತೋರಿಸುತ್ತಿತ್ತು. ಯಾವುದೂ ನಿಲ್ಲುತ್ತಿರಲಿಲ್ಲ. ಅತ್ತೆ ತಮ್ಮ ಹಸಿರು ಬರುವ ತನಕ ಕಾದರು. ಅದೂ ಹೋಯಿತು.

"ಇದೆಂತದು, ಅಂಗಡಿ ಬೋರ್ಡಾ?" ಎಂದರು.

ಅಕ್ಕ ಮಾತ್ರ ತಮ್ಮನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. "ಇಬ್ರೂ ಸೇರಿ ಏಳನ್ನೂ ಆರ್ಸಿದ್ರಾ? ನಾಚಿಕೆ ಆಗೂದಿಲ್ವನಾ ನಿಂಗೆ?"

ಅವನು ಬೈಕನ್ನು ಸ್ಟ್ಯಾಂಡಿನಿಂದ ಇಳಿಸಿದ. ಅಂಕೋಲೆಯ ಬಸ್ಸಿನಲ್ಲಿ ಅತ್ತೆ ಮತ್ತು ಅಕ್ಕ ನನ್ನ ಮುಂದಿನ ಸೀಟಿನಲ್ಲಿ ಕೂತಿದ್ದರು. ಏಳು ಬಣ್ಣದ ಕಥೆ ಆಗಲೇ ಪಕ್ಕದ ಸೀಟಿನ ಪರಿಚಯದವಳಿಗೆ ತಲುಪಿತ್ತು. ಅವಳು ಹಿಂದೆ ತಿರುಗಿ ನನ್ನನ್ನು ನೋಡಿ ನಕ್ಕಳು. ನಾನು ಕಿಟಕಿಯ ಗಾಜಿನ ಮೇಲೆ ಇಳಿಯುವ ನೀರನ್ನು ನೋಡುತ್ತಿದ್ದೆ.

ಅವನು ಮಾತಿಗೆ ತಪ್ಪಲಿಲ್ಲ. ಜುಲೈ ಮುಗಿಯುತ್ತ ಬಂದಾಗ ಅಕ್ಕ ಇಳಿದ ಮುಖ ಹೊತ್ತು ಬಂದಳು. ಚಾ ಬೇಡ ಎಂದಳು.

"ತಮ್ಮಂಗೆ ಎಂತಾಯ್ತೋ ಗೊತ್ತಿಲ್ಲ. ಮುಂದಿನ ವರ್ಷ ನೋಡುವ ಅಂತಾನೆ. ಬೋಟಿನ ಕೆಲ್ಸ ಖಾಯಂ ಇಲ್ಲ, ಮನೆ ಮಾಡು ರಿಪೇರಿ ಆಗ್ಬೇಕು, ಹಾಂಗೆ ಹೀಂಗೆ. ನಮ್ಮಾಯಿ ಊಟ ಬಿಟ್ಟು ಕೂತದೆ. ಈ ಕಡಿಂದ ಯಾರಾದ್ರೂ ಎಂತಾದ್ರೂ ಅಂದ್ರಾ?"

ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡರು. ಆಯಿ ನನ್ನನ್ನು ನೋಡಿದಳು. ಎದ್ದು ಹಿತ್ತಲ ಬಾಗಿಲಿಗೆ ಹೋಗಿ, ಬಾ ಎಂದು ಕರೆದಳು.

"ನೀ ಅವಂಗೆ ಎಂತ ಹೇಳ್ದೆ?"

"ಬೇಡ ಅಂದೆ."

ಬೈಗುಳಕ್ಕೆ ಸಿದ್ಧಳಾಗಿ ನಿಂತೆ. ಅವಳು ದನಿ ಇನ್ನೂ ತಗ್ಗಿಸಿದಳು. "ಅವ ಎಂತ ಅಂದ?"

ನಾನು ಎಲ್ಲವನ್ನೂ ನಡೆದಂತೆಯೇ ಹೇಳಿದೆ. ಒಂದು ಮಾತನ್ನೂ ಹೆಚ್ಚು ಮಾಡಲಿಲ್ಲ, ಕಡಿಮೆ ಮಾಡಲಿಲ್ಲ. ನನಗೆ ಬೇರೆ ರೀತಿ ಹೇಳಿ ಅಭ್ಯಾಸವಿಲ್ಲ.

"ಸಿಟ್ಟು ಮಾಡ್ಕಳ್ಲಿಲ್ವಾ?"

"ಇಲ್ಲ."

"ಅಕ್ಕನ ಹತ್ರ ನಿನ್ನ ಹೆಸ್ರು ಹೇಳ್ಲಿಲ್ಲ."

"ಹೇಳುವುದಿಲ್ಲ ಎಂದಿದ್ದ."

"ಅಪ್ಪಂಗೆ ತಾಗ್ತದೆ ಅಂತ ಅವನೇ ಅಂದ್ನಾ? ನೀ ಹೇಳ್ಕೊಟ್ಟಿದ್ದಾ?"

"ಅವನೇ ಅಂದ."

ಆಯಿಯ ಮುಖ ಬದಲಾಗುತ್ತಿತ್ತು. ನನಗೆ ಅದು ಅರ್ಥವಾಗುವುದರೊಳಗೆ ತಡವಾಗಿತ್ತು. ನಾನು ಕೊಟ್ಟ ಒಂದೊಂದು ಉತ್ತರವೂ ಅವನ ಕಡೆಗೇ ಹೋಗಿ ಕೂತಿತ್ತು. ಅವನು ಒರಟಾಗಿ ಮಾತಾಡಿದ, ಓದಿನ ಬಗ್ಗೆ ಹಂಗಿಸಿದ ಎಂದು ಒಂದು ಸುಳ್ಳು ಹೇಳಿದ್ದರೆ ಆ ಬಾಗಿಲಲ್ಲೇ ಎಲ್ಲ ಮುಗಿಯುತ್ತಿತ್ತು. ಅದು ಹೊಳೆಯಲಿಲ್ಲ ಎಂದಲ್ಲ. ಹೊಳೆಯಿತು. ಹಾರವಾಡದಲ್ಲಿ ತನ್ನ ಮೇಲೆಯೇ ತಪ್ಪು ಎಳೆದುಕೊಂಡು ಕೂತಿರುವವನ ಮೇಲೆ ಅಂಥ ಮಾತು ಹಾಕಲು ಬಾಯಿ ಬರಲಿಲ್ಲ.

"ನಂಗೆ ಇದ್ದ ಹೆದ್ರಿಕೆ ಅದೊಂದೇ," ಎಂದಳು ಆಯಿ. ಅವಳ ಕಣ್ಣು ತುಂಬಿತ್ತು. "ಆ ಮನೇಲಿ ನಿನ್ನ ಮಾತು ಯಾರಾದ್ರೂ ಕಿವಿಗೆ ಹಾಕ್ಕಂತಾರಾ ಅಂತ. ನೀ ಬೇಡ ಅಂದದ್ದನ್ನೂ ನಿಂತು ಕೇಳ್ದ ಅಲ್ದಾ ಅವ? ನಿನ್ನಪ್ಪ ನಂದು ಒಂದು ಮಾತು ಹಾಂಗೆ ಕೇಳಿದ್ದಿಲ್ಲ."

"ಆಯಿ, ನಾನು ಬೇಡ ಅಂದದ್ದು ಹಾಗೇ ಇದೆ."

"ಗೊತ್ತಾಯ್ತು ಮಗಾ," ಎಂದು ನನ್ನ ಕೆನ್ನೆ ಸವರಿದಳು. ಆ ಸವರುವಿಕೆಯಲ್ಲಿ ನನ್ನ ಮಾತು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅವಳು ಜಗಲಿಗೆ ಹೋಗಿ ಅಕ್ಕನ ಪಕ್ಕದಲ್ಲಿ ಕೂತಳು. ಅವಳ ದನಿ ಅಡಿಗೆಮನೆಯ ತನಕ ಕೇಳಿತು.

"ಮುಂದಿನ ವರ್ಷ ಎಂತಕ್ಕೆ? ಮಾಡು ಹೇಗೂ ಬೇಸ್ಗೆಗೆ ರಿಪೇರಿ ಆತದೆ. ಬೋಟು ಇಳಿಯೂದ್ರೊಳಗೆ ವೀಳ್ಯ ಹಂಚಿ ಮುಗ್ಸುವ. ನಮ್ಮ ಕಡಿಂದ ಏನೂ ಅಡ್ಡಿಲ್ಲ."

ಬೋಟುಗಳು ಇಳಿಯುವ ಹಿಂದಿನ ಭಾನುವಾರ ಅವರು ಬಂದರು. ನಮ್ಮ ಸಣ್ಣ ಜಗಲಿಯಲ್ಲಿ ಗಂಡಸರು ಗೋಡೆಗೆ ಒತ್ತಿಕೊಂಡು ಕೂತಿದ್ದರು. ಹೆಂಗಸರು ಬಾಗಿಲ ಒಳಗೆ. ಅಪ್ಪ ಅಂದು ಗೋಡೆಗೆ ಒರಗದೆ ಚಾಪೆಯ ನಡುವೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಎಷ್ಟು ನೋಯುತ್ತಿದೆ ಎಂಬುದು ಹಣೆಯಿಂದ ತಿಳಿಯುತ್ತಿತ್ತು, ಆದರೂ ಒರಗಲಿಲ್ಲ. ಬೋಟಿನ ಮಾತು, ಗಾಳಿಯ ಮಾತು, ಮಂಜುಗಡ್ಡೆಯ ಮಾತು ಆಡುತ್ತಿದ್ದರು. ಅಷ್ಟು ಮಾತನ್ನು ಅವರು ಆಡಿದ್ದನ್ನು ನಾನು ಬಹಳ ದಿನಗಳಿಂದ ಕೇಳಿರಲಿಲ್ಲ.

ನನ್ನನ್ನು ಕರೆದು ತಂದು ಎದುರಿಗೆ ಕೂರಿಸಿದರು. ಅವನು ತಂದೆಯ ಪಕ್ಕದಲ್ಲಿದ್ದ. ಆ ದಿನ ಚಾ ಬಟ್ಟಲನ್ನು ನೋಡಲಿಲ್ಲ, ನನ್ನನ್ನೇ ನೋಡಿದ. ಅದು ಕೇಳುವ ನೋಟವಾಗಿತ್ತು. ನಾನು ತಲೆಯನ್ನು ಒಂದು ಸಲ ಅಡ್ಡ ಆಡಿಸಿದ್ದರೆ ಅವನು ಎದ್ದು ಏನಾದರೂ ಹೇಳುತ್ತಿದ್ದನೇನೋ. ಹೇಳುತ್ತಿದ್ದ ಎಂದೇ ಈಗಲೂ ಅನ್ನಿಸುತ್ತದೆ. ಅಷ್ಟು ಜನರ ನಡುವೆ, ನೆಟ್ಟಗೆ ಕೂತ ಅಪ್ಪನ ಎದುರಿಗೆ.

ಅತ್ತೆ ವೀಳ್ಯದೆಲೆಯ ತಟ್ಟೆಯನ್ನು ನಮ್ಮಿಬ್ಬರ ನಡುವೆ ಇಟ್ಟರು. ನಾನು ತಲೆ ತಗ್ಗಿಸಿದೆ.

"ಒಪ್ತು, ಒಪ್ತು," ಎಂದು ಹೆಂಗಸರ ಕಡೆಯಿಂದ ಯಾರೋ ಅಂದರು. ಎಲ್ಲರೂ ಹಾಗೇ ತಿಳಿದರು. ಅವನು ಹಾಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತು ಅವನ ಕೈ ಮಂಡಿಯ ಮೇಲೆಯೇ ಇತ್ತು. ತಂದೆ ಮೊಣಕೈಯಿಂದ ತಿವಿದರು. ಆಗ ಅವನು ಕೈ ಚಾಚಿ ತಟ್ಟೆಯಿಂದ ವೀಳ್ಯ ಎತ್ತಿಕೊಂಡ.